ಅಜ್ಜಿಯನ್ನೂ ಕರೆದುಕೊಂಡು ಲಕ್ಕುಂಡಿಗೆ

"ನೀವು ಹೋಗಿ ಬರ್ರಿ, ನಾ ಮನಿ ಕಾಯ್ತೀನಿ."

ಗದಗ-ಬೆಟಗೇರಿಯ ಮನೆಗಳಲ್ಲಿ ರವಿವಾರದ ಪ್ರವಾಸದ ಮಾತು ಬಂದಾಗಲೆಲ್ಲ ಪಡಸಾಲೆಯ ಮೂಲೆಯಿಂದ ಈ ನುಡಿ ಕೇಳಿಬರುವುದು ವಾಡಿಕೆ. ನುಡಿಯುವವಳು ಅಜ್ಜಿ. ಮನೆಯವರು ಒಂದೆರಡು ಸಲ ಒತ್ತಾಯಿಸಿದಂತೆ ಮಾಡಿ ಸುಮ್ಮನಾಗುತ್ತಾರೆ. ಬೀಗವೆಂಬ ವಸ್ತು ಇರುವಾಗ ಮನೆ ಕಾಯಲು ಮನುಷ್ಯರೇಕೆ ಬೇಕೆಂದು ಯಾರೂ ಕೇಳುವುದಿಲ್ಲ. ಕೇಳಿದರೆ ನಿಜವಾದ ಕಾರಣ ಹೊರಬೀಳುತ್ತದೆ: ಮೊಣಕಾಲು ನೋವು, ಬಸ್ಸಿನ ಎತ್ತರದ ಮೆಟ್ಟಿಲು, ಹೋದಲ್ಲಿ ಕೂಡಲು ಎಡೆ ಉಂಟೋ ಇಲ್ಲವೋ ಎಂಬ ಸಂಶಯ, ಶೌಚಾಲಯದ ಚಿಂತೆ, ಇವೆಲ್ಲಕ್ಕಿಂತ ಮಿಗಿಲಾಗಿ, ತನ್ನಿಂದ ಉಳಿದವರ ಸಂತೋಷಕ್ಕೆ ತಡೆಯಾದೀತೆಂಬ ಸಂಕೋಚ. ಹೀಗೆ ಮನೆ ಕಾಯುವವಳು ಅಜ್ಜಿಯೊಬ್ಬಳೇ ಅಲ್ಲ. ಊರುಗೋಲಿನ ಮೇಲೆ ನಡೆಯುವ ಕಾಕಾ, ಎಳೆಗೂಸಿನ ತಾಯಿ, ಕಣ್ಣು ಕಾಣದ ಹುಡುಗ, ಇವರೆಲ್ಲ ಒಂದಿಲ್ಲೊಂದು ರವಿವಾರ ಈ ಮನೆ ಕಾಯುವ ಪದವಿಯನ್ನು ಪಡೆದವರೇ.

ವಸ್ತುಸಂಗ್ರಹಾಲಯಕ್ಕೆ ಹೋಗುವುದೆಂದರೆ ಗಟ್ಟಿ ಕಾಲಿನವರು ಹುರುಪಿನಿಂದ ಹೊರಟು, ಹತ್ತು ನಿಮಿಷಗಳಲ್ಲಿ ನೂರು ಶಿಲ್ಪಗಳ ಮುಂದೆ ಹಾದು, ಫೋಟೋ ಹಿಡಿದುಕೊಂಡು ಹಿಂದಿರುಗುವುದು ಎಂಬ ಕಲ್ಪನೆ ಬೇರೂರಿಬಿಟ್ಟಿದೆ. ಇದನ್ನು ತಿರುವುಹಾಕಿ ನೋಡಬೇಕಾಗಿದೆ. ಮನೆಯಲ್ಲಿ ಅತ್ಯಂತ ನಿಧಾನವಾಗಿ ನಡೆಯುವವರು ಯಾರೋ ಅವರ ಹೆಜ್ಜೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡು ಪ್ರವಾಸದ ಯೋಜನೆ ಹಾಕಿದರೆ ಆ ಪ್ರವಾಸ ಉಳಿದವರಿಗೂ ಹೆಚ್ಚು ದಕ್ಕುತ್ತದೆ. ಈ ಪ್ರಯೋಗಕ್ಕೆ ಗದಗ ಸೀಮೆಯಲ್ಲಿ ಲಕ್ಕುಂಡಿಗಿಂತ ಒಪ್ಪುವ ಸ್ಥಳ ಮತ್ತೊಂದಿಲ್ಲ.

ಊರೇ ಒಂದು ಸಂಗ್ರಹಾಲಯ

ಗದಗಿನಿಂದ ಕೊಪ್ಪಳದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು ೧೨ ಕಿಲೋಮೀಟರು ಸಾಗಿದರೆ ಲಕ್ಕುಂಡಿ. ಶಾಸನಗಳ ಲೊಕ್ಕಿಗುಂಡಿ ಇದೇ. ಇಲ್ಲಿ ಒಂದು ಕಾಲಕ್ಕೆ ಟಂಕಶಾಲೆಯಿತ್ತು. ಇಲ್ಲಿಯ ಹೊನ್ನಿನ ನಾಣ್ಯಕ್ಕೆ 'ಲೊಕ್ಕಿ ಗದ್ಯಾಣ'ವೆಂದೇ ಹೆಸರು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಏಳಿಗೆಗೆ ಬಂದ ಈ ಪಟ್ಟಣವನ್ನು ೧೨ನೆಯ ಶತಮಾನದ ಕೊನೆಯಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನು ತನ್ನ ನೆಲೆವೀಡಾಗಿ ಮಾಡಿಕೊಂಡಿದ್ದನು. ನೂರೊಂದು ಗುಡಿ, ನೂರೊಂದು ಬಾವಿ ಎಂದು ಜನ ಎಣಿಸಿ ಹೇಳುತ್ತಾರೆ. ಎಣಿಕೆ ಹಾಗಿರಲಿ, ಒಂದು ಓಣಿ ದಾಟುವಷ್ಟರಲ್ಲಿ ಮನೆಗಳ ನಡುವೆ, ಹಿತ್ತಲಿನ ಗೋಡೆಯ ಪಕ್ಕದಲ್ಲಿ ಗುಡಿಯೊಂದು ಎದುರಾಗುವುದಂತೂ ನಿಜ.

ಇಲ್ಲಿಯ ಬ್ರಹ್ಮಜಿನಾಲಯವನ್ನು ೧೦೦೭ರಲ್ಲಿ ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ರನ್ನನು ೯೯೩ರಲ್ಲಿ ಅಜಿತಪುರಾಣವನ್ನು ಬರೆದುದು ಈಕೆಯ ಆಶ್ರಯದಲ್ಲಿ. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿಗಳಾಗಿ ಓಲೆಗರಿಯ ಮೇಲೆ ಬರೆಯಿಸಿ ಹಂಚಿದಳೆಂಬ ಕಥೆಯನ್ನು ಶಾಲೆಯ ಮಕ್ಕಳೂ ಬಲ್ಲರು. ಅಚ್ಚಿನ ಯಂತ್ರವಿಲ್ಲದ ಆ ಕಾಲದಲ್ಲಿ ಒಂದು ಕಾವ್ಯವನ್ನು ಸಾವಿರ ಸಲ ಬರೆಯಿಸುವುದೆಂದರೇನು! ಒಳ್ಳೆಯದು ಒಂದು ಭಂಡಾರದಲ್ಲಿ ಉಳಿದರೆ ಸಾಲದು, ಅದು ಹಲವರ ಕೈಗೆ ತಲುಪಬೇಕು ಎಂದು ತಿಳಿದ ಹೆಣ್ಣುಮಗಳು ಆಕೆ. ಅವಳ ಬಸದಿಗೆ ಹೋಗುವ ದಾರಿಯಲ್ಲಿ ಒಬ್ಬ ಮುದುಕಿ ಮೆಟ್ಟಿಲು ಹತ್ತಲಾರದೆ ಹಿಂದುಳಿದರೆ ಅದು ಆಕೆಗೆ ಹಿಡಿಸುತ್ತಿರಲಿಲ್ಲವೆಂದೇ ಊಹಿಸಬಹುದು.

ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯು ಊರೊಳಗೆ ಶಿಲ್ಪಗಳ ಸಂಗ್ರಹಾಲಯವೊಂದನ್ನು ಇರಿಸಿದೆ. ಹಾಳುಬಿದ್ದ ಗುಡಿಗಳಿಂದ, ಹೊಲಗಳಿಂದ, ಬಾವಿಗಳ ಹೂಳಿನಿಂದ ದೊರೆತ ಶಿಲ್ಪಗಳಿಗೆ ಇಂಥ ಆಲಯಗಳೇ ಕೊನೆಯ ಆಶ್ರಯ. ಮುಂಬಯಿಯ ಅಥವಾ ಬೆಂಗಳೂರಿನ ದೊಡ್ಡ ಸಂಗ್ರಹಾಲಯಗಳನ್ನು ಕಂಡವರಿಗೆ ಇದು ಚಿಕ್ಕದೆನಿಸೀತು. ಮುದುಕರನ್ನೂ ಮಕ್ಕಳನ್ನೂ ಕರೆತರುವವರಿಗೆ ಅದೇ ಇದರ ದೊಡ್ಡ ಗುಣ. ದೊಡ್ಡ ಸಂಗ್ರಹಾಲಯದಲ್ಲಿ ಕಾಲು ಸೋಲುವುದಕ್ಕಿಂತ ಮೊದಲು ಕಣ್ಣು ಸೋಲುತ್ತದೆ.

ಹಿಂದಿನ ದಿನದ ಸಂಜೆ

ಸಂಗ್ರಹಾಲಯದ ಭೇಟಿ ಮನೆಯಲ್ಲಿಯೇ ಪ್ರಾರಂಭವಾಗಬೇಕು. ಶನಿವಾರ ಸಂಜೆ, ಬುತ್ತಿಗೆ ರೊಟ್ಟಿ ಬಡಿಯುವ ಹೊತ್ತಿನಲ್ಲಿ, ಮಕ್ಕಳನ್ನು ಕೂರಿಸಿಕೊಂಡು ಎರಡು ವಸ್ತುಗಳನ್ನು ಅವರ ಕೈಗಿಡಬಹುದು.

ಮೊದಲನೆಯದು ಪಾಟಿಯ ಮೇಲೆ ಬರೆಯುವ ಬಳಪ. ಲಕ್ಕುಂಡಿಯ ಶಿಲ್ಪಿಗಳು ಬಳಸಿದ ಕಲ್ಲು ಈ ಬಳಪದ ಬಂಧು. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಗುಡಿಗಳೆಲ್ಲ ಮರಳುಗಲ್ಲಿನವು. ಅದು ಒರಟು, ದೊಡ್ಡ ಕೈಯ ಕೆಲಸಕ್ಕೆ ತಕ್ಕುದು. ಲಕ್ಕುಂಡಿಯ ಕಾಲಕ್ಕೆ ಬಂದಾಗ ಶಿಲ್ಪಿಗಳು ನವುರಾದ ಬಳಪದ ಕಲ್ಲಿಗೆ ಮೊರೆಹೊಕ್ಕರು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವುದು ಇದರ ಸ್ವಭಾವ. ಆದ್ದರಿಂದಲೇ ಅಕ್ಕಸಾಲಿಗನು ಬಂಗಾರದ ಮೇಲೆ ಮಾಡುವ ಸಣ್ಣ ಕೆಲಸವನ್ನು ಇವರು ಕಲ್ಲಿನ ಮೇಲೆ ಮಾಡಿದರು. ಮುಂದೆ ಬೇಲೂರು ಹಳೆಯಬೀಡುಗಳಲ್ಲಿ ಹೊಯ್ಸಳ ಶಿಲ್ಪಿಗಳು ಜಗತ್ತನ್ನೇ ಬೆರಗುಗೊಳಿಸಿದ್ದು ಈ ಜಾತಿಯ ಕಲ್ಲಿನಿಂದಲೇ. ಈ ಮಾತನ್ನೆಲ್ಲ ಬರಿದೇ ಹೇಳಿದರೆ ಮಗು ಆಕಳಿಸುತ್ತದೆ. ಬಳಪವನ್ನು ಉಗುರಿನಿಂದ ಗೀರಿಸಿ, ಅಂಗಳದ ಕರಿಯ ಜಲ್ಲಿಕಲ್ಲನ್ನೂ ಗೀರಿಸಿದರೆ ಹೇಳಬೇಕಾದದ್ದೇ ಇಲ್ಲ.

ಎರಡನೆಯದು ಅಜ್ಜಿಯ ಸೊತ್ತು: ಮಜ್ಜಿಗೆ ಕಡೆಯುವ ಕಡಗೋಲು. ಕನ್ನಡದಲ್ಲಿ ಮೊಸರನ್ನೂ ಕಡೆಯುತ್ತಾರೆ, ಕಂಬವನ್ನೂ ಕಡೆಯುತ್ತಾರೆ. ಎರಡಕ್ಕೂ ಮಾತು ಒಂದೇ. ಲಕ್ಕುಂಡಿಯ ಗುಡಿಗಳ ಒಳಗಿನ ಕಂಬಗಳು ಕಡೆದ ಕಂಬಗಳು. ಬಳೆ ಜೋಡಿಸಿಟ್ಟಂತೆ, ಗಂಟೆ ಬೋರಲು ಹಾಕಿದಂತೆ, ತಟ್ಟೆ ಮಗುಚಿದಂತೆ ಸುತ್ತಲೂ ಒಂದೇ ಸಮನಾದ ಅವುಗಳ ಅಂಚುಗಳು ಕಲ್ಲನ್ನು ತಿರುಗಿಸಿ ಉಳಿ ಹಿಡಿದಲ್ಲದೆ ಬರುವಂಥವಲ್ಲವೆಂದು ಬಲ್ಲವರ ಅಭಿಪ್ರಾಯ. ಬಡಿಗನು ತಿರುಗಣೆಯಲ್ಲಿ ತೊಟ್ಟಿಲಿನ ಕಾಲು ಕಡೆಯುವುದನ್ನು ಕಂಡ ಅಜ್ಜಿಗೆ ಇದು ತಟ್ಟನೆ ಅರ್ಥವಾಗುತ್ತದೆ; ಕಾಲೇಜಿನಲ್ಲಿ ಓದುವ ಮೊಮ್ಮಗನಿಗೆ ತುಸು ತಡವಾದೀತು. ಬೀಸುಕಲ್ಲು ತಿರುಗಿಸಿದ ಕೈಗೆ, ಆಳೆತ್ತರದ ಕಲ್ಲೊಂದನ್ನು ತಿರುಗಿಸುವುದೆಂದರೆ ಏನೆಂಬುದು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ತಿಳಿದಿರುತ್ತದೆ.

ಇಷ್ಟಾದ ಮೇಲೆ ಒಂದೊಂದು ಮಗುವಿಗೂ ಒಂದೊಂದು ಹುಡುಕಾಟವನ್ನು ಒಪ್ಪಿಸಬೇಕು. ಒಬ್ಬಳಿಗೆ ಆನೆಗಳನ್ನು ಎಣಿಸುವ ಕೆಲಸ. ಒಬ್ಬನಿಗೆ ಸಂಗೀತ ವಾದ್ಯಗಳನ್ನು ಗುರುತಿಸುವ ಕೆಲಸ. ಎಲ್ಲವನ್ನೂ ನೋಡಬೇಕೆಂದು ಹೊರಟ ಮಗು ಏನನ್ನೂ ನೋಡದೆ ಬರುತ್ತದೆ.

ದಿನ, ಹೊತ್ತು, ದಾರಿ

ನವೆಂಬರಿನಿಂದ ಫೆಬ್ರವರಿಯ ವರೆಗಿನ ತಿಂಗಳುಗಳೇ ಒಳ್ಳೆಯವು. ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಗುಡಿಯ ಅಂಗಳದ ಹಾಸುಗಲ್ಲು ಕಾದ ಹೆಂಚಾಗಿರುತ್ತದೆ. ಚಪ್ಪಲಿ ಬಿಟ್ಟು ನಡೆಯಬೇಕಾದಲ್ಲಿ ಹುಡುಗರು ಕುಣಿದು ದಾಟುತ್ತಾರೆ, ಕೋಲೂರಿ ನಡೆಯುವವರು ಏನು ಮಾಡಬೇಕು? ಪುರಾತತ್ವ ಇಲಾಖೆಯ ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ಹೊರಡುವ ಮುನ್ನ ಬಾಗಿಲು ತೆರೆಯುವ ಹೊತ್ತನ್ನೂ, ಮೆಟ್ಟಿಲೆಷ್ಟು, ಗಾಲಿ ಕುರ್ಚಿ ಎಲ್ಲಿಯವರೆಗೆ ಹೋದೀತು, ಶೌಚಾಲಯ ಎಲ್ಲಿದೆ ಎಂಬುದನ್ನೂ ವಿಚಾರಿಸಿಕೊಳ್ಳುವುದು ಅವಶ್ಯಕ. ಮನೆಯ ಗಟ್ಟಿ ಕಾಲಿನವರಲ್ಲೊಬ್ಬರು ಹಿಂದಿನ ವಾರ ಸೈಕಲ್ಲಿನ ಮೇಲೋ ಮೋಟಾರು ಸೈಕಲ್ಲಿನ ಮೇಲೋ ಹೋಗಿ ಕಣ್ಣಾರೆ ನೋಡಿ ಬಂದರೆ ಇನ್ನೂ ಉತ್ತಮ. ಮದುವೆಗೆ ಛತ್ರ ನೋಡಲು ನಾಲ್ಕು ಸಲ ಹೋಗುವವರಿಗೆ ಇದು ಹೆಚ್ಚಿನ ಶ್ರಮವಲ್ಲ.

ಗದಗಿನ ಬಸ್ ನಿಲ್ದಾಣದಿಂದ ಕೊಪ್ಪಳದತ್ತ ಹೋಗುವ ಬಸ್ಸುಗಳು ಲಕ್ಕುಂಡಿಯ ಮೂಲಕವೇ ಸಾಗುತ್ತವೆ. ೨೦೨೩ರ ಜೂನ್ ತಿಂಗಳಲ್ಲಿ 'ಶಕ್ತಿ' ಯೋಜನೆ ಬಂದಂದಿನಿಂದ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ಇಲ್ಲ. ಈ ಅನುಕೂಲದಿಂದ ಎಷ್ಟೋ ಅಜ್ಜಿಯರು ಮನೆ ಕಾಯುವ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದಾರೆಂಬುದೂ ಸುಳ್ಳಲ್ಲ. ಆದರೆ ಬಸ್ಸಿನ ಮೆಟ್ಟಿಲು ಪುಕ್ಕಟೆಯಾದ ಮಾತ್ರಕ್ಕೆ ತಗ್ಗಾಗುವುದಿಲ್ಲ. ಕಾಲು ನೋವಿನವರಿರುವ ಮನೆಯವರು ಒಂದು ಆಟೋವನ್ನೋ ಕಾರನ್ನೋ ಅರ್ಧ ದಿನಕ್ಕೆ ಗೊತ್ತುಮಾಡಿಕೊಳ್ಳುವುದೇ ಲೇಸು. ಗುಡಿಯಿಂದ ಗುಡಿಗೆ ದೂರ ಹೆಚ್ಚಿಲ್ಲವಾದರೂ ಓಣಿಯ ಏರಿಳಿತ ಮೊಣಕಾಲಿಗೆ ಗೊತ್ತಾಗುತ್ತದೆ. ಗಾಡಿ ಕೈಯಳತೆಯಲ್ಲಿದ್ದರೆ ಧೈರ್ಯ.

ಮಡಚುವ ಕುರ್ಚಿ ಒಂದು, ನೀರು, ಕೊಡೆ, ಹಾಸಲು ಜಮಖಾನೆ: ಸಾಮಾನು ಇಷ್ಟೇ. ಈ ಪೈಕಿ ಕುರ್ಚಿಯನ್ನು ಮರೆತರೆ ಉಳಿದದ್ದೆಲ್ಲ ವ್ಯರ್ಥ. ಶಿಲ್ಪದ ಮುಂದೆ ಕೂತು ನೋಡುವವನು ನಿಂತು ನೋಡುವವನಿಗಿಂತ ಹೆಚ್ಚು ಕಾಣುತ್ತಾನೆ. ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಮೊಸರನ್ನದ ಬುತ್ತಿಯ ವಿಷಯದಲ್ಲಿ ಉತ್ತರ ಕರ್ನಾಟಕದ ಗೃಹಿಣಿಯರಿಗೆ ಸಲಹೆ ಕೊಡುವ ಧಾರ್ಷ್ಟ್ಯ ಯಾರಿಗೂ ಬೇಡ.

ಮೊದಲು ಗುಡಿ, ಆಮೇಲೆ ನೆರಳು

ಬೆಳಗಿನ ತಂಪಿನಲ್ಲಿ ಗುಡಿಗಳನ್ನು ನೋಡಿ, ಬಿಸಿಲೇರಿದಂತೆ ಸಂಗ್ರಹಾಲಯದ ನೆರಳಿಗೆ ಬರುವುದು ಸರಿಯಾದ ಕ್ರಮ. ಎರಡು ಗುಡಿ ಸಾಕು: ಬ್ರಹ್ಮಜಿನಾಲಯ ಮತ್ತು ಕಾಶಿವಿಶ್ವೇಶ್ವರ. ಜಿನಾಲಯದ ಒಳಗೆ ನಾಲ್ಕು ಮುಖದ ಬ್ರಹ್ಮನ ವಿಗ್ರಹವಿದೆ, ಪದ್ಮಾವತಿ ಯಕ್ಷಿಯ ವಿಗ್ರಹವಿದೆ. ಹೊರಗೆ ಶಿಖರವು ಮೆಟ್ಟಿಲು ಮೆಟ್ಟಿಲಾಗಿ ಏರಿ ನಿಂತಿದೆ. ಅದನ್ನು ನೋಡಲು ಅಂಗಳದಲ್ಲಿ ಕುರ್ಚಿ ಹಾಕಿಕೊಂಡರೆ ಆಯಿತು.

ಕಾಶಿವಿಶ್ವೇಶ್ವರದ ಮಾತು ಬೇರೆ. ಅದು ಎತ್ತರದ ಜಗತಿಯ ಮೇಲಿದೆ. ಒಂದೇ ಜಗತಿಯ ಮೇಲೆ ಎರಡು ಗುಡಿಗಳು ಮುಖಾಮುಖಿಯಾಗಿ ನಿಂತಿವೆ: ದೊಡ್ಡದು ಶಿವನದು, ಎದುರಿನ ಚಿಕ್ಕದು ಸೂರ್ಯನದು. ಬಾಗಿಲುವಾಡಗಳ ಕೆತ್ತನೆಯಂತೂ ಒಂದು ಪಟ್ಟಿಯೊಳಗೆ ಇನ್ನೊಂದು ಪಟ್ಟಿ, ಅದರೊಳಗೆ ಮತ್ತೊಂದು, ಜರಿಯಂಚಿನ ಸೀರೆಯನ್ನು ಮಡಿಸಿ ನಿಲ್ಲಿಸಿದ ಹಾಗೆ. ಬೆಟಗೇರಿಯ ಮಗ್ಗದ ಮನೆಗಳಲ್ಲಿ ಬೆಳೆದವರಿಗೆ ಈ ಹೋಲಿಕೆಯನ್ನು ಹೇಳಿಕೊಡಬೇಕಾಗಿಲ್ಲ. ಅಂಚು ಎಲ್ಲಿ ಮುಗಿದು ಒಡಲು ಎಲ್ಲಿ ಮೊದಲಾಗುತ್ತದೆಂದು ಅವರ ಕಣ್ಣು ತಾನಾಗಿ ಹುಡುಕುತ್ತದೆ. ಹೆನ್ರಿ ಕಸಿನ್ಸ್ ಎಂಬ ವಿದ್ವಾಂಸನು ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪವನ್ನು ಕುರಿತು ೧೯೨೬ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ಊರಿನ ಗುಡಿಗಳಿಗೆ ಆದರದ ಸ್ಥಾನವನ್ನು ಕೊಟ್ಟಿದ್ದಾನೆ.

ಜಗತಿಯನ್ನು ಏರಲಾರದವರು ನಿರಾಶರಾಗಬೇಕಾದ್ದಿಲ್ಲ. ಈ ಗುಡಿಯ ಹೊರಗೋಡೆಯ ಸೊಬಗೇ ದೊಡ್ಡದು, ಅದು ಕೆಳಗಿನಿಂದಲೇ ಕಾಣುವಂಥದು. ನೆಲದಲ್ಲಿ ನಿಂತವರಿಗೆ ಎರಡು ಗುಡಿಗಳು ಒಂದನ್ನೊಂದು ನೋಡುತ್ತಿರುವ ಒಟ್ಟು ನೋಟ ಸಿಗುತ್ತದೆ. ಒಳಹೊಕ್ಕು ಕಂಬಗಳ ನಡುವೆ ಸುತ್ತುವ ಹುಡುಗರಿಗೆ ಆ ನೋಟ ತಪ್ಪಿಹೋಗಿರುತ್ತದೆ. ಹೊರಗೆ ಬಂದು ಅವರು ಒಳಗಿನದನ್ನು ಹೇಳಲಿ, ಇವರು ಹೊರಗಿನದನ್ನು ಹೇಳಲಿ.

ಮಾಣಿಕೇಶ್ವರದ ಮುಸುಕಿನ ಬಾವಿ ಲಕ್ಕುಂಡಿಯ ಹೆಮ್ಮೆ. ಮೂರು ಕಡೆಯಿಂದ ಮೆಟ್ಟಿಲಿಳಿಯುವ, ಗೋಡೆಯಲ್ಲಿ ಸಾಲು ಸಾಲು ಗೂಡುಗಳಿರುವ ಅದರ ಚೆಲುವನ್ನು ಮೇಲಿನಿಂದ ನೋಡಿದರೆ ಸಾಕು. ಮಕ್ಕಳನ್ನು ಕೈಹಿಡಿದೇ ನಿಲ್ಲಿಸಬೇಕು. ಇದರಲ್ಲಿ ಸಡಿಲಿಕೆ ಸಲ್ಲದು.

ಕೆಳಗಿಳಿದು ಬಂದ ದೇವತೆಗಳು

ಗುಡಿಯಲ್ಲಿ ಶಿಲ್ಪವು ಶಿಖರದ ಮೇಲೆಯೋ, ಕತ್ತಲೆಯ ಒಳಮಾಳಿಗೆಯಲ್ಲೋ ಇರುತ್ತದೆ. ಅದನ್ನು ನೋಡಲು ಕತ್ತು ಎತ್ತಬೇಕು, ಮೆಟ್ಟಿಲು ಹತ್ತಬೇಕು, ಹೊಸ್ತಿಲು ದಾಟಬೇಕು. ಸಂಗ್ರಹಾಲಯದಲ್ಲಿ ಅದೇ ಶಿಲ್ಪ ಇಳಿದುಬಂದು ಎದುರಿಗೆ ನಿಂತಿರುತ್ತದೆ. ಗಾಲಿ ಕುರ್ಚಿಯಲ್ಲಿ ಕೂತವರಿಗೂ ನಾಲ್ಕು ವರ್ಷದ ಮಗುವಿಗೂ, ತಗ್ಗಿನ ಪೀಠದ ಮೇಲಿರುವ ಶಿಲ್ಪದ ಮುಖ ಸರಿಯಾಗಿ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಬಾಗಿ ನೋಡಬೇಕಾದವರು ಆರಡಿ ಎತ್ತರದವರು! ಮೆಟ್ಟಿಲಿಗೆ ಅಂಜಿ ಗುಡಿಗಳನ್ನು ಬಿಟ್ಟವರಿಗೆ ಸಂಗ್ರಹಾಲಯವು ಗುಡಿಯ ಬದಲಿಗೆ ದೊರೆಯುವ ಸಮಾಧಾನದ ಬಹುಮಾನವಲ್ಲ. ಗುಡಿಯಲ್ಲಿ ದೂರವಿದ್ದದ್ದು ಇಲ್ಲಿ ಹತ್ತಿರವಾಗುತ್ತದೆ.

ಐದು ಶಿಲ್ಪಗಳನ್ನು ಆರಿಸಿಕೊಂಡು ಒಂದೊಂದರ ಮುಂದೆ ಐದೈದು ನಿಮಿಷ ಕೂಡಬೇಕು. ಯಾವ ಐದು ಎಂಬುದನ್ನು ಅಜ್ಜಿಗೆ ಬಿಡುವುದು ಜಾಣತನ. ಶಾಲೆಗೆ ಹೋಗದ ಅಜ್ಜಿಗೆ ಪೀಠದ ಮೇಲಿನ ಬರಹವನ್ನು ಓದಲು ಬರದಿರಬಹುದು. ಕಲ್ಲನ್ನೇ ಓದಲು ಬರುತ್ತದೆ. ಇಲಿ ಕಂಡರೆ ಗಣಪ, ನವಿಲು ಕಂಡರೆ ಕುಮಾರಸ್ವಾಮಿ, ಗರುಡನ ಮೇಲಿದ್ದರೆ ನಾರಾಯಣ, ಕೋಣನ ತಲೆ ಮೆಟ್ಟಿದ್ದರೆ ದೇವಿ. ಸಾಲಾಗಿ ಏಳು ಮಂದಿ ತಾಯಂದಿರು ಕೂತ ಫಲಕವನ್ನು ಈ ನಾಡಿನ ಗುಡಿಗಳಲ್ಲಿ ಬಹಳ ಕಡೆ ಕಾಣುತ್ತೇವೆ. ಅವರ ಪಾದದ ಕೆಳಗಿನ ವಾಹನ ನೋಡಿ ಹಂಸವಾದರೆ ಬ್ರಾಹ್ಮಿ, ನಂದಿಯಾದರೆ ಮಾಹೇಶ್ವರಿ, ಆನೆಯಾದರೆ ಇಂದ್ರಾಣಿ ಎಂದು ಹೆಸರಿಸುವ ಆಟದಲ್ಲಿ ಯಾವ ಪದವೀಧರನೂ ಪುರಾಣ ಕೇಳಿ ಬೆಳೆದ ಮುದುಕಿಯನ್ನು ಸೋಲಿಸಲಾರ. ಮನೆಯಲ್ಲಿ ಹೊರೆಯೆಂದು ಬಿಟ್ಟುಬರುತ್ತಿದ್ದವಳೇ ಇಲ್ಲಿ ಎಲ್ಲರಿಗೂ ದಾರಿ ತೋರಿಸುವವಳಾಗುತ್ತಾಳೆ.

ಎರಡು ಬಗೆಯ ಕಲ್ಲುಗಳನ್ನು ಓದುವ ಕ್ರಮವನ್ನು ಮಾತ್ರ ಹಿರಿಯರಿಗೂ ಹೇಳಿಕೊಡಬೇಕಾದೀತು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು. ಮೇಲೆ ಆತ ದೇವರ ಸನ್ನಿಧಿಯಲ್ಲಿ ಕೂತಿರುವುದು. ಚಿತ್ರಕಥೆ ಓದುವ ಇಂದಿನ ಮಕ್ಕಳಿಗೆ ಇದು ಸುಲಭ. ಶಾಸನದ ಕಲ್ಲಿನ ನೆತ್ತಿಯಲ್ಲಿ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಆಕಳು ಇರುವುದು ಸಾಮಾನ್ಯ. ಸೂರ್ಯಚಂದ್ರರಿರುವ ವರೆಗೆ ಈ ದಾನ ನಡೆಯಲಿ ಎಂದು ಅದರ ಅರ್ಥ. ಹಳಗನ್ನಡದ ಅಕ್ಷರಗಳಲ್ಲಿ ಇಂದಿನ ಕನ್ನಡದ ಒಂದೊಂದು ಅಕ್ಷರ ಅಡಗಿಕೊಂಡಿರುತ್ತದೆ. ಹೊಸದಾಗಿ ಅಕ್ಷರ ಕಲಿತ ಮಗುವಿಗೆ ಅದನ್ನು ಹುಡುಕಲು ಹೇಳಿದರೆ ಅರ್ಧ ಗಂಟೆ ಕಳೆದದ್ದೇ ತಿಳಿಯುವುದಿಲ್ಲ.

ಮಗು ಒಂದು ಪ್ರಶ್ನೆಯನ್ನು ಖಂಡಿತ ಕೇಳುತ್ತದೆ: "ಇದರ ಮೂಗು ಯಾರು ಮುರಿದರು? ಇದರ ತಲೆ ಎಲ್ಲಿ?" ಬಾಯಿಗೆ ಬಂದ ಉತ್ತರವನ್ನು ಕೊಡುವುದು ಬೇಡ. ಯುದ್ಧದಲ್ಲಿ ಒಡೆದವುಗಳಿವೆ, ಮಾಳಿಗೆ ಕುಸಿದು ಒಡೆದವುಗಳಿವೆ, ಮನೆಯ ತಳಪಾಯಕ್ಕೆಂದು ಊರವರೇ ಸಾಗಿಸುವಾಗ ಒಡೆದವುಗಳೂ ಇವೆ; ಕಲ್ಲು ನೋಡಿದ ಮಾತ್ರಕ್ಕೆ ಯಾವುದು ಯಾವುದರಿಂದ ಎಂದು ಹೇಳಲಾಗದು. ಇಷ್ಟನ್ನೇ ಮಗುವಿಗೆ ಹೇಳಿದರೆ ಮಗು ಒಪ್ಪಿಕೊಳ್ಳುತ್ತದೆ, ಒಪ್ಪದವರು ದೊಡ್ಡವರು.

ಬೆರಳಿನ ಕಣ್ಣು

ಕಣ್ಣು ಕಾಣದವರನ್ನು ಸಂಗ್ರಹಾಲಯಕ್ಕೆ ಕರೆತಂದು ಏನು ಪ್ರಯೋಜನ ಎಂದು ಕೇಳುವವರು ಬೇರೆ ಊರಿನಲ್ಲಿರಬಹುದು, ಗದಗಿನಲ್ಲಿ ಇರಬಾರದು. ಹುಟ್ಟುಕುರುಡರಾಗಿದ್ದ ಪಂಚಾಕ್ಷರ ಗವಾಯಿಗಳು (೧೮೯೨-೧೯೪೪) ಇಲ್ಲಿ ನೆಲೆಗೊಳಿಸಿದ ವೀರೇಶ್ವರ ಪುಣ್ಯಾಶ್ರಮದಲ್ಲಿ ತಲೆಮಾರುಗಳಿಂದ ಅಂಧ ಮಕ್ಕಳು ಊಟ, ವಸತಿ, ಸಂಗೀತ ವಿದ್ಯೆಗಳನ್ನು ಪಡೆದಿದ್ದಾರೆ. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (೧೯೧೪-೨೦೧೦) ಎಳೆಯ ವಯಸ್ಸಿನಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡರೂ ಹಲವು ವಾದ್ಯಗಳನ್ನು ನುಡಿಸಿದರು, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥಗಳನ್ನು ರಚಿಸಿದರು, ನಾಟಕ ಕಂಪನಿಯನ್ನು ನಡೆಸಿದರು, ೨೦೧೦ರಲ್ಲಿ ಪದ್ಮಭೂಷಣರಾದರು. ಕೈ ಮತ್ತು ಕಿವಿ ಎರಡರಿಂದಲೇ ಒಂದು ಲೋಕವನ್ನು ಕಟ್ಟಿಕೊಳ್ಳಬಹುದೆಂದು ಈ ಊರು ಕಣ್ಣಾರೆ ಕಂಡಿದೆ.

ಆದರೂ ಶಿಲ್ಪಗಳನ್ನು ಮುಟ್ಟುವ ವಿಷಯದಲ್ಲಿ ಎಚ್ಚರ ಬೇಕು. ಸಾವಿರ ಬೆರಳುಗಳ ಬೆವರು ಮತ್ತು ಜಿಡ್ಡು ನವುರಾದ ಕೆತ್ತನೆಯನ್ನು ಸವೆಸುತ್ತವೆ; ಮುಟ್ಟಬೇಡಿರೆಂಬ ನಿಯಮ ಸುಮ್ಮನೆ ಮಾಡಿದ್ದಲ್ಲ. ಇದಕ್ಕೆ ಪರಿಹಾರವನ್ನು ಲೋಕ ಕಂಡುಕೊಂಡಿದೆ. ದಿಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ೨೦೧೫ರಲ್ಲಿ 'ಅನುಭವ' ಎಂಬ ಸ್ಪರ್ಶ ಪ್ರದರ್ಶನವು ಆರಂಭವಾಯಿತು. ಅಲ್ಲಿ ಶಿಲ್ಪಗಳ ಪ್ರತಿಕೃತಿಗಳನ್ನು ಕೈಯಿಂದ ಸವರಿ ತಿಳಿಯಬಹುದಾಗಿತ್ತು, ಬ್ರೈಲ್ ಲಿಪಿಯ ವಿವರಣೆಯೂ ಇತ್ತು. ಅದೇ ವರ್ಷ ಸ್ಪೇನ್ ದೇಶದ ಪ್ರಾಡೋ ಸಂಗ್ರಹಾಲಯದವರು ಪ್ರಸಿದ್ಧ ಚಿತ್ರಗಳಿಗೇ ಉಬ್ಬು ಪ್ರತಿಗಳನ್ನು ಮಾಡಿಸಿ ಅಂಧರ ಕೈಗೆ ಕೊಟ್ಟರು. ಬಣ್ಣದ ಚಿತ್ರವನ್ನೇ ಬೆರಳಿಗೆ ಕಾಣಿಸಬಹುದಾದರೆ ಕಲ್ಲಿನ ಶಿಲ್ಪವೇನು ದೊಡ್ಡದು? ಲಕ್ಕುಂಡಿಯ ಕಂಬವೊಂದರ, ಬಾಗಿಲುವಾಡದ ಒಂದು ತುಂಡಿನ ಪ್ರತಿಕೃತಿಯನ್ನು ಇದೇ ಜಾತಿಯ ಕಲ್ಲಿನಲ್ಲಿ ಕೆತ್ತಿಸಿ ಇಡುವುದು ಶಿಲ್ಪಿಗಳಿಗೆ ಬರವಿಲ್ಲದ ಕರ್ನಾಟಕದಲ್ಲಿ ಅಸಾಧ್ಯದ ಮಾತಲ್ಲ. ೨೦೧೬ರ ವಿಕಲಚೇತನರ ಹಕ್ಕುಗಳ ಕಾನೂನು ಸಾರ್ವಜನಿಕ ಸ್ಥಳಗಳು ಎಲ್ಲರಿಗೂ ಸುಗಮವಾಗಿರಬೇಕೆಂದು ವಿಧಿಸಿದೆ. ಇಳಿಜಾರಿನ ದಾರಿ, ಕೂಡಲು ಬೆಂಚು, ತಗ್ಗಿನಲ್ಲಿ ದೊಡ್ಡ ಕನ್ನಡ ಅಕ್ಷರಗಳ ಫಲಕ, ಈ ಮೂರಕ್ಕೆ ಆಗುವ ವೆಚ್ಚ ಒಂದು ಉದ್ಘಾಟನಾ ಸಮಾರಂಭದ ಶಾಮಿಯಾನಕ್ಕಿಂತ ಬಹಳ ಹೆಚ್ಚಾಗಲಿಕ್ಕಿಲ್ಲ. 'ವಿಷ್ಣು, ೧೧ನೆಯ ಶತಮಾನ' ಎಂದಷ್ಟೇ ಬರೆದ ಫಲಕಗಳನ್ನು ನಾಡಿನ ಸಂಗ್ರಹಾಲಯಗಳಲ್ಲಿ ಎಷ್ಟು ಕಡೆ ಕಾಣುವುದಿಲ್ಲ! ಶಂಖಚಕ್ರ ಕಂಡವರಿಗೆ ವಿಷ್ಣುವೆಂಬುದು ಗೊತ್ತೇ ಇರುತ್ತದೆ. ಆತ ಎಲ್ಲಿ ಸಿಕ್ಕ, ಯಾವ ಗುಡಿಯಲ್ಲಿದ್ದ ಎಂಬುದು ಬೇಕಾದ ಸಂಗತಿ.

ಅಂಥ ಪ್ರತಿಕೃತಿಗಳು ಬರುವ ವರೆಗೆ ಕುಟುಂಬದವರೇ ದಾರಿ ಹುಡುಕಿಕೊಳ್ಳಬೇಕು. ಶನಿವಾರದ ಬಳಪ ಮತ್ತು ಕಡಗೋಲುಗಳು ಕೆಲಸಕ್ಕೆ ಬರುವುದು ಇಲ್ಲಿಯೇ. ಮನೆಯಲ್ಲಿ ಅವನ್ನು ಸವರಿ ನೋಡಿದ ಕಣ್ಣು ಕಾಣದ ಹುಡುಗನಿಗೆ ಅಕ್ಕನು ಕಂಬದ ಮುಂದೆ ನಿಂತು, "ನಿನ್ನೆ ಹಿಡಿದ ಕಡಗೋಲಿನ ತಲೆ ಇದೆಯಲ್ಲ, ಅಂಥದು ಒಂದರ ಮೇಲೊಂದು ಐದು, ಎಲ್ಲಕ್ಕೂ ಕೆಳಗಿನದು ಹಂಡೆಯಷ್ಟು ಅಗಲ" ಎಂದು ವಿವರಿಸಿದರೆ ಆತನ ಮನಸ್ಸಿನಲ್ಲಿ ಕಂಬ ನಿಲ್ಲುತ್ತದೆ. ಹಾಗೆ ವಿವರಿಸಲು ಹೊರಟ ಅಕ್ಕನಿಗೂ ಕಂಬ ಮೊದಲ ಸಲ ಸರಿಯಾಗಿ ಕಾಣುತ್ತದೆ. ಗುಡಿಯೊಳಗೆ ಮೆಲ್ಲನೆ ಒಂದು ಸ್ವರ ಹಚ್ಚಿದರೆ ಕಲ್ಲಿನ ಮಾಳಿಗೆ ಅದನ್ನು ಹಿಂದಿರುಗಿಸುವ ರೀತಿಯಿಂದ ಒಳಗಿನ ಎತ್ತರ ಅಗಲಗಳನ್ನು ಆತನೇ ಉಳಿದವರಿಗೆ ಹೇಳಬಲ್ಲ.

ಮತ್ತೊಂದು ರವಿವಾರಕ್ಕೆ

ಮಧ್ಯಾಹ್ನ ಎರಡರ ಹೊತ್ತಿಗೆ ಊಟ ಮುಗಿಸಿ ಹಿಂದಿರುಗಬೇಕು. ಇನ್ನೂ ನನ್ನೇಶ್ವರ ಉಳಿಯಿತು, ಬಾವಿಗಳು ಉಳಿದವು ಎಂದು ಹಳಹಳಿಸುವವರು ಮರುವಾರ ತಾವೊಬ್ಬರೇ ಹೋಗಿ ಬರಲಿ. ಗದಗಿನ ತ್ರಿಕೂಟೇಶ್ವರದಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗಗಳಿವೆ. ಅದೇ ಆವರಣದ ಸರಸ್ವತಿ ಗುಡಿಯ ಮುಖಮಂಟಪದ ಕಂಬಗಳು ಲಕ್ಕುಂಡಿಯ ಕಂಬಗಳಿಗೆ ಸರಿಮಿಗಿಲು. ಗದುಗಿನ ಭಾರತದ ಕವಿ ಕುಮಾರವ್ಯಾಸನು ಕೂತು ಬರೆದನೆಂದು ಹೇಳುವ ಕಂಬ ವೀರನಾರಾಯಣನ ಗುಡಿಯಲ್ಲಿದೆ. ಇವನ್ನೂ ಅದೇ ದಿನ ತುರುಕುವುದು ಬೇಡ. ಊರೊಳಗಿನವು, ಯಾವ ಸಂಜೆಗಾದರೂ ಆದೀತು.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ಬರುವವರಿಗೆ ಲಕ್ಕುಂಡಿ ದೂರದ ಪ್ರಯಾಣ. ಮುದುಕರಿಗೆ ಅಷ್ಟು ದೂರ ಆಗದಿದ್ದರೆ ಹತ್ತಿರದಲ್ಲೇ ಆಸ್ತಿಯಿದೆ. ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೆಸರಿಸಿದ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಅಲ್ಲಿ ಸೋಮೇಶ್ವರನ ವಿಶಾಲವಾದ ಆವರಣವಿದೆ. ಶಂಖ ಬಸದಿಯಲ್ಲಿ ಸಾವಿರಕ್ಕೂ ಮಿಕ್ಕ ಪುಟ್ಟ ಜಿನಬಿಂಬಗಳನ್ನು ಕೆತ್ತಿದ ಸಹಸ್ರಕೂಟವಿದೆ, ಎಣಿಸುವ ಹುಚ್ಚಿನ ಮಕ್ಕಳಿಗೆ ಅದೊಂದೇ ಸಾಕು. ಶಿರಹಟ್ಟಿಯವರಿಗೆ ಫಕೀರೇಶ್ವರ ಮಠ ಊರಲ್ಲೇ ಇದೆ. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಆ ಗದ್ದುಗೆಯ ಕಥೆಯನ್ನು ಹೇಳಲು ಅಲ್ಲಿಯ ಹಿರಿಯರೇ ಬೇಕು.

ಮುಂಡರಗಿಯವರು ಗದಗಿನ ದಾರಿಯಲ್ಲಿರುವ ಡಂಬಳದಲ್ಲಿ ಇಳಿದರಾಯಿತು. ೧೦೯೫ರ ಶಾಸನವೊಂದು ಇಲ್ಲಿ ಬೌದ್ಧರ ತಾರಾದೇವಿಯನ್ನು ಪೂಜಿಸುತ್ತಿದ್ದ ಸಂಗತಿಯನ್ನು ಉಳಿಸಿಕೊಟ್ಟಿದೆ. ಇಲ್ಲಿಯ ದೊಡ್ಡಬಸಪ್ಪನ ಗುಡಿಯ ತಳವಿನ್ಯಾಸವು ೨೪ ಮೂಲೆಗಳ ನಕ್ಷತ್ರದಂತಿದೆ. ಅದರ ಸೊಗಸು ಹೊರಗಿನಿಂದ ಸುತ್ತಿ ಬರುವವರಿಗೇ ಹೆಚ್ಚು. ಸಂಜೆ ನಾಲ್ಕರ ನಂತರ ಓರೆಬಿಸಿಲು ಬಿದ್ದಾಗ ಒಂದೊಂದು ಮೂಲೆಯ ನೆರಳೂ ಬೇರೆಬೇರೆಯಾಗಿ ಎದ್ದು ಕಾಣುತ್ತದೆ. ಕುರ್ಚಿಯನ್ನು ಪಶ್ಚಿಮದ ಕಡೆಗೆ ಹಾಕಿಕೊಳ್ಳಬೇಕು.